ಭಾವನ ಕಾರು ತಡವರಿಸಿದ್ದು

ಮೊನ್ನೆ ಬೆನ್ಸನ್ ಟೌನಿನಲ್ಲಿ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಅವರ ಗೇಟಿನ ಮುಂದೆ ಯಾರೋ ಹಳೆಯ ಕಾರಿನ ಬಾನೆಟ್ ಎತ್ತಿಕೊಂಡು ನಿಂತಿದ್ದರು. ನೆಲದ ಮೇಲೆ ಒಂದಿಷ್ಟು ಡೀಸೆಲ್ ಚೆಲ್ಲಿತ್ತು. ಪೆಟ್ರೋಲಿನ ವಾಸನೆ ಇಷ್ಟಪಡುವವರನ್ನು ನೀವೂ ನೋಡಿರುತ್ತೀರಿ. ಡೀಸೆಲಿಗೆ ಅಂಥ ಅಭಿಮಾನಿಗಳಿಲ್ಲ. ಕೈಗೆ ಹತ್ತಿತೆಂದರೆ ಎಷ್ಟು ಸೋಪು ಹಾಕಿದರೂ ಊಟದ ಹೊತ್ತಿಗೆ ಬೆರಳಲ್ಲೇ ಕೂತಿರುತ್ತದೆ. ಆ ವಾಸನೆಗೆ ನಾನು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟೆ. ಮುನಿರಾಜು ಭಾವ ನೆನಪಾದರು.

ಭಾವ ಎಂದರೆ ನಮ್ಮಕ್ಕನ ಗಂಡ. ಮರ್ಫಿ ಟೌನಿನಲ್ಲಿ ಮನೆ, ಕೆ.ಆರ್. ಪುರದ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸ್ಸಿಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ, ಅದಕ್ಕೇ ಯಾರಿಂದಲೋ ಹಳೇ ಡೀಸೆಲ್ ಕಾರೊಂದನ್ನು ಕೊಂಡು ತಂದರು. ಅದಕ್ಕೊಂದು ಚಾಳಿಯಿತ್ತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ತಡವರಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿದರೂ ಎಳೆಯದು, ಎರಡು ಸಲ ಬಿಕ್ಕುವುದು, ಆಮೇಲೆ ಏನೂ ಆಗದವರಂತೆ ಮುಂದೆ ಹೋಗುವುದು. ಅಕ್ಕ ಗಾಬರಿಯಾದರೆ ಭಾವ, "ಏನೋ ಯೋಚನೆ ಮಾಡ್ತಾ ಇದೆ, ಬಿಡೆ," ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಅಡ್ಡರಸ್ತೆಯಿಂದ ಹಳೇ ಮದ್ರಾಸ್ ರಸ್ತೆಗೆ ತಿರುಗುವಾಗ ಲಾರಿ ಬಂದು ಬಲಗಡೆಗೆ ಬಡಿಯಿತು. ಭಾವ ಆಸ್ಪತ್ರೆ ತಲುಪಲಿಲ್ಲ. ಮಗಳು ಶ್ವೇತ ಆಗ ಇನ್ನೂ ಶಾಲೆಗೆ ಸೇರದ ಕೂಸು.

ಸಾವಿನ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಮೊದ್ಲಿಂದಲೂ ಆತುರಗಾರ." ಭಾವನ ತಾಯಿ ಚಿನ್ನಮ್ಮನವರಂತೂ ಬಂದವರಿಗೆಲ್ಲ ಅದನ್ನೇ ಹೇಳಿದರು, ಹನ್ನೊಂದರ ದಿನದ ಹೊತ್ತಿಗೆ ಅದನ್ನೇ ಬೈಗುಳ ಮಾಡಿಕೊಂಡರು. "ಒಂದ್ನಿಮಿಷ ನಿಂತು ಹೋಗಿದ್ರೆ ಏನಾಗ್ತಿತ್ತು ಇವನ್ಗೆ?" ಅಳಲಿಲ್ಲ. ಫೋಟೋ ಕಡೆ ತಿರುಗಿ ಬಯ್ಯುತ್ತಿದ್ದರು, ಅಷ್ಟೆ.

ಆದರೆ ಲಾರಿ ಡ್ರೈವರು ಪೊಲೀಸ್ ಸ್ಟೇಷನ್ನಿನಲ್ಲಿ ಇನ್ನೊಂದು ಮಾತು ಹೇಳಿದ್ದ. "ಕಾರು ಬಂತು ಸಾರ್, ನಡುರೋಡಿಗೆ ಬಂದು ನಿಂತ್ಕೊಂಡ್ಬಿಡ್ತು." ತಪ್ಪಿಸಿಕೊಳ್ಳಲು ಯಾರಾದರೂ ಹೇಳುವ ಮಾತೆಂದು ನಾವು ಬಿಟ್ಟೆವು. ಅಕ್ಕ ಬಿಡಲಿಲ್ಲ.

ಕಾರಿನ ಬಾಗಿಲು ನುಜ್ಜುಗುಜ್ಜಾಗಿದ್ದರೂ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅಪಶಕುನದ ಗಾಡಿ, ಗುಜರಿಗೆ ಹಾಕಿ ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ನೋಡು, ಅವ್ರು ನುಗ್ಗಿದ್ರೋ, ಗಾಡಿ ನಿಂತ್ಕೊಂತೋ, ನಂಗೆ ಗೊತ್ತಾಗ್ಬೇಕು. ನಾಳೆ ಶ್ವೇತ ಕೇಳಿದ್ರೆ ಏನಂತ ಹೇಳ್ಲಿ? ನಿಮ್ಮಪ್ಪನ ಆತುರಾನೇ ನಿಮ್ಮಪ್ಪನ್ನ ಕೊಂದಿದ್ದು ಅಂತ್ಲಾ?"

ಹೀಗೆ ನಾವು ಆ ಕಾರನ್ನು ಶಿವಾಜಿನಗರದ ನಜೀರ್ ಭಾಯ್ ಅವರ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ನಜೀರ್ ಭಾಯ್ ಬಾಗಿಲನ್ನು ತಟ್ಟಿ ನೆಟ್ಟಗೆ ಮಾಡಿಸಿದರು, ಇಂಜಿನ್ನಿನ ರೋಗವನ್ನು ಹಿಡಿಯಲಾರದೆ ಹೋದರು. ಡೀಸೆಲ್ ಕಲಬೆರಕೆ ಎಂದರು, ಟ್ಯಾಂಕ್ ಖಾಲಿ ಮಾಡಿ ತೊಳೆಸಿದರು. ಫಿಲ್ಟರ್ ಬದಲಾಯಿಸಿದರು. ಟ್ಯಾಂಕ್ ತುಂಬಿಸಿ ಓಡಿಸಿದಾಗ ಸರಿಹೋಯಿತು ಎಂದುಕೊಂಡೆವು. ಮತ್ತೆ ಶುರುವಾಯಿತು. ಪಂಪೇ ಹೋಗಿರಬೇಕು ಎಂದರು. ನಾನು ಪ್ರತಿಯೊಂದಕ್ಕೂ ತಲೆಯಾಡಿಸಿದೆ. ಪಂಪು ಎಲ್ಲಿರುತ್ತದೆಂದು ಅವರು ಕೇಳಿದ್ದರೆ ಡಿಕ್ಕಿಯ ಕಡೆ ಕೈ ತೋರಿಸುತ್ತಿದ್ದೆನೋ ಏನೋ.

ಆಗ ಅಕ್ಕ ಹೇಳಿದಳು. "ಭಾಯ್, ಟ್ಯಾಂಕು ತುಂಬಿದ್ದಾಗ ಇದು ಬರ್ತಿರ್ಲಿಲ್ಲ. ಅರ್ಧಕ್ಕಿಂತ ಕೆಳಗಾದ್ರೆ ಬರ್ತಿತ್ತು. ಏರು ಹತ್ತೋವಾಗ ಜಾಸ್ತಿ." ಭಾವನ ಪಕ್ಕ ಕೂತು ಓಡಾಡಿದ ಎಲ್ಲ ದಿನಗಳನ್ನೂ ಒಂದೊಂದಾಗಿ ನೆನೆಸಿಕೊಂಡು ಅವಳು ಅದನ್ನು ಕಂಡುಕೊಂಡಿದ್ದಳು.

ನಜೀರ್ ಭಾಯ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಇದು ಮೊದ್ಲೇ ಹೇಳೋದಲ್ವಾ ಬೆಹೆನ್," ಎಂದವರೇ ಒಂದು ಪ್ಲಾಸ್ಟಿಕ್ ಕ್ಯಾನಿಗೆ ಡೀಸೆಲ್ ತುಂಬಿ ಇಂಜಿನ್ ಪಕ್ಕದಲ್ಲೇ ಕಟ್ಟಿದರು. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಪಂಪಿಗೆ ಆ ಕ್ಯಾನಿನಿಂದಲೇ ಡೀಸೆಲ್ ಹೋಗುವ ಹಾಗೆ ಮಾಡಿದರು. ಅವರೇ ಓಡಿಸಿದರು. ಅಕ್ಕ ಹಟ ಮಾಡಿ ಮುಂದೆ ಕೂತಳು, ನಾನು ಹಿಂದೆ ಸಾಮಾನಿನ ಹಾಗೆ. ಹಲಸೂರು ಕೆರೆಯ ಪಕ್ಕದ ಏರನ್ನು ಕಾರು ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಒಮ್ಮೆಯೂ ಬಿಕ್ಕಲಿಲ್ಲ. ಹಾಗಾದರೆ ಪಂಪು ಸರಿಯಿದೆ. ದೋಷ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಇದೆ.

ಗ್ಯಾರೇಜಿಗೆ ಬಂದು, ಕ್ಯಾನು ತೆಗೆದು, ಟ್ಯಾಂಕಿನ ಪೈಪು ಪಂಪಿಗೆ ಸೇರುವ ಕಡೆ ಒಳಗೆ ಹರಿಯುವುದು ಕಾಣುವಂಥ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಹಾಕಿದರು. ಇಂಜಿನ್ ಸ್ಟಾರ್ಟ್ ಮಾಡಿ ರೇಸ್ ಮಾಡಿದಾಗ ಡೀಸೆಲಿನ ಜೊತೆ ಗುಳ್ಳೆಗಳು ಸಾಲಾಗಿ ಓಡಿ ಬಂದವು. ಗಾಳಿ. ಕಾರಿನ ಕೆಳಗೆ ಹಾದುಹೋಗುವ ಪೈಪನ್ನು ಬಿಚ್ಚಿ ತಂದು, ಒಂದು ತುದಿ ಬೆರಳಿನಿಂದ ಮುಚ್ಚಿ ನೀರಿನ ಬಕೆಟಿನಲ್ಲಿಟ್ಟು ಊದಿದರು. ಕ್ಲಿಪ್ಪಿಗೆ ಉಜ್ಜಿ ಸವೆದಿದ್ದ ಜಾಗದಿಂದ ಸಣ್ಣಗೆ ಗುಳ್ಳೆ ಎದ್ದಿತು. ಅಲ್ಲಿಂದ ಡೀಸೆಲ್ ಒಂದು ತೊಟ್ಟೂ ಹೊರಗೆ ಸೋರುತ್ತಿರಲಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇಳಿದಾಗ, ಏರು ಹತ್ತುವಾಗ ಪಂಪು ಜೋರಾಗಿ ಎಳೆಯಬೇಕು, ಆಗ ಗಾಳಿ ಒಳಗೆ ಹೋಗುತ್ತಿತ್ತು. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಅವತ್ತೂ ಇದೇ ಆಗಿದ್ದಾ?" ಅಕ್ಕ ಕೇಳಿದಳು.

ನಜೀರ್ ಭಾಯ್ ಬಹಳ ಹೊತ್ತು ಕೈ ಒರೆಸಿಕೊಂಡರು. "ಅವತ್ತು ನಾನು ನೋಡಿಲ್ಲ ಬೆಹೆನ್. ಆಗಿರಬಹುದು ಅಂತೀನಿ. ಆಗೋ ಹಂಗೇ ಇತ್ತು. ಅದಕ್ಕಿಂತ ಜಾಸ್ತಿ ಹೇಳಿದ್ರೆ ಸುಳ್ಳಾಗುತ್ತೆ."

ಅಕ್ಕನಿಗೆ ಅಷ್ಟು ಸಾಕಾಯಿತು. ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಮುದುಕಿಗೆ ಸಮಾಧಾನವಾಗುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ಚಿನ್ನಮ್ಮನವರು ಕೇಳಿಸಿಕೊಂಡರು, ಫೋಟೋ ನೋಡಿದರು.

"ಇಷ್ಟು ದಿನ ಅವನ್ನ ಬೈಕೊಂಡಾದ್ರೂ ಇದ್ದೆ ಕಣಮ್ಮ. ಇನ್ಮೇಲೆ ಯಾರನ್ನ ಬಯ್ಲಿ?" ಎಂದರು. ಆಮೇಲೆ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತರು. ಮಗ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು. ಅಕ್ಕನೂ ಅತ್ತಳು. ನಾನು ಹೊರಗೆ ಬಂದು ಶ್ವೇತಳನ್ನು ಎತ್ತಿಕೊಂಡು ಬೀದಿಯ ಕೊನೆಯವರೆಗೆ ನಡೆದೆ.

ಮೊನ್ನೆ ಬೆನ್ಸನ್ ಟೌನಿನಿಂದ ನಾನು ನೇರ ಮನೆಗೆ ಹೋಗಲಾರದೆ ಅಕ್ಕನ ಮನೆಗೆ ಹೋದೆ. ಚಿನ್ನಮ್ಮನವರು ತೀರಿಕೊಂಡು ಬಹಳ ವರ್ಷಗಳಾದವು. ಶ್ವೇತ ಮಾರತ್ತಹಳ್ಳಿಯಿಂದ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಆ ಪೋರ ಬಿಸಿ ದೋಸೆ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡು ಕುಣಿಯುತ್ತಿದ್ದ.

"ಅಮ್ಮಾ, ಅಪ್ಪನೂ ಹಿಂಗೇನಾ? ಆತುರಾನಾ?" ಶ್ವೇತ ಕೇಳಿದಳು.

ಆ ಮಾತನ್ನು ಅಕ್ಕನ ಮುಂದೆ ಯಾರೂ ಆಡುತ್ತಿರಲಿಲ್ಲ.

ಅಕ್ಕ ದೋಸೆ ಮಗುಚಿದಳು. "ಅಯ್ಯೋ, ಮಹಾ ಆತುರದ ಮನುಷ್ಯ! ಪುರೋಹಿತರು ಇನ್ನೂ ಮಂತ್ರ ಮುಗಿಸೇ ಇರ್ಲಿಲ್ಲ, ತಾಳಿ ಕಟ್ಟೇಬಿಟ್ರು. ಕಟ್ಟಿದ್ಮೇಲೆ ಗಟ್ಟಿಮೇಳ!" ಎಂದು ನಗತೊಡಗಿದಳು. ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, "ಜೀವಮಾನ ಪೂರ್ತಿ ಆತುರಾನೇ. ಅವತ್ತೊಂದಿನ ಬಿಟ್ಟು," ಎಂದಳು.