ಹೆಣ್ಣು ನೋಡಲು ಬಂದವರೂ ನಿಂತುಹೋದ ಕಂಪ್ಯೂಟರೂ

ನಮ್ಮ ಮನೆಯ ಕಂಪ್ಯೂಟರಿನ ಬಗ್ಗೆ ಕೆಟ್ಟ ಮಾತನ್ನು ಅದು ಇರುವ ಕೋಣೆಯಲ್ಲಿ ನಾನು ಆಡುವುದಿಲ್ಲ. ಆಡಲೇಬೇಕಾದರೆ ಹೊರಗಿನ ಕಟ್ಟೆಗೆ ಹೋಗಿ, ದನಿ ತಗ್ಗಿಸಿ ಆಡುತ್ತೇನೆ. ಒಮ್ಮೆ ಸಿಟ್ಟಿನ ಭರದಲ್ಲಿ ಅದರ ಎದುರಿಗೇ "ದರಿದ್ರ ಡಬ್ಬ" ಅಂದುಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅದು ಏಳಲಿಲ್ಲ. ಕಾಕತಾಳೀಯ ಅನ್ನುವವರು ಅನ್ನಲಿ. ನಾನು ಹೊಳಲ್ಕೆರೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಅದರಲ್ಲಿ ಸಮಾಜವೇ ಹೆಚ್ಚು, ವಿಜ್ಞಾನ ಕಡಿಮೆ. ಹಾಗಾಗಿ ಯಂತ್ರಕ್ಕೂ ಮಾನಾಭಿಮಾನ ಇದ್ದೀತು ಎಂಬ ಗುಮಾನಿಯನ್ನು ನನ್ನಿಂದ ಬಿಡಿಸಲು ಯಾರಿಂದಲೂ ಆಗಿಲ್ಲ.

ನೀವೇ ಯೋಚಿಸಿ. ಮನೆಯ ಬೇರೆ ಯಾವ ಸಾಮಾನು ಹೀಗೆ ಆಡಿದ್ದರೆ ನಾವು ಸುಮ್ಮನಿರುತ್ತಿದ್ದೆವು? ಕುಕ್ಕರು ಎರಡನೆಯ ಸೀಟಿಯ ಹೊತ್ತಿಗೆ ತಣ್ಣಗಾಗಿ, "ಅನ್ನವನ್ನು ಉಳಿಸಬೇಕೆ? ಹೌದು, ಇಲ್ಲ, ರದ್ದು" ಎಂದು ಕೇಳಿದರೆ ನನ್ನ ಹೆಂಡತಿ ಗಿರಿಜ ಅದನ್ನು ಅಂಗಡಿಯವನ ತಲೆಯ ಮೇಲೆಯೇ ಇಟ್ಟು ಬರುತ್ತಿದ್ದಳು. ಚೈತ್ರದ ಬಿಸಿಲಿನಲ್ಲಿ ಫ್ಯಾನು ತಟಕ್ಕನೆ ನಿಂತು, "ದಯವಿಟ್ಟು ಕಾಯಿರಿ, ತಿರುಗುವುದನ್ನು ಇನ್ನಷ್ಟು ಚೆನ್ನಾಗಿ ಕಲಿಯುತ್ತಿದ್ದೇನೆ" ಅಂದರೆ? ಕಂಪ್ಯೂಟರು ಮಾತ್ರ ಇದೆಲ್ಲವನ್ನೂ ಮಾಡುತ್ತದೆ. ನಾವು ಕೈಕಟ್ಟಿ ಕೂತು ಕಾಯುತ್ತೇವೆ. ಹಾಲು ಕೊಡುವ ಎಮ್ಮೆ ಒದ್ದರೂ ಸಹಿಸಬೇಕು ಎಂದು ಹಿರಿಯರು ಹೇಳಿದ್ದಾರೆ, ನಿಜ. ಆದರೆ ಒದೆಯುವುದನ್ನೇ ಕಸುಬು ಮಾಡಿಕೊಂಡ ಎಮ್ಮೆಯ ಬಗ್ಗೆ ಅವರು ಏನೂ ಹೇಳಿಲ್ಲ.

ಯಾಕೆ ಸಹಿಸುತ್ತೇವೆ ಎಂಬುದಕ್ಕೆ ನನ್ನದೊಂದು ಸಿದ್ಧಾಂತವಿದೆ. ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳಲು ನಾವು ಚಿಕ್ಕಂದಿನಿಂದಲೇ ಪಳಗಿದವರು. ಬಳಪ ಮುರಿದರೆ ನಮ್ಮ ತಪ್ಪು, ಮಳೆ ಬಂದು ಅಂಗಿ ನೆನೆದರೆ ನಮ್ಮ ತಪ್ಪು. ಈಗ ಕಂಪ್ಯೂಟರು ಕೆಟ್ಟು ನಿಂತಾಗಲೂ ನಮ್ಮ ಬಾಯಿಂದ ಮೊದಲು ಬರುವ ಮಾತು, "ಅಯ್ಯೋ, ನಾನು ಏನೋ ಒತ್ತಿಬಿಟ್ಟೆ ಕಣೇ" ಎಂಬುದು. ಕರೆಂಟು ಹೋಗಿ ಅದು ಆರಿ, ಮತ್ತೆ ಬಂದ ಮೇಲೆ, ಕಳೆದ ಬಾರಿ ನೀವು ಸರಿಯಾಗಿ ಮುಚ್ಚಲಿಲ್ಲ ಎಂದು ಅದು ನನ್ನನ್ನೇ ದಬಾಯಿಸುತ್ತದೆ. ಕರೆಂಟು ತೆಗೆದವನು ನಾನಲ್ಲ. ಆದರೂ ನಾನು ತಲೆ ತಗ್ಗಿಸಿ "ಸರಿ" ಎಂಬುದನ್ನು ಒತ್ತುತ್ತೇನೆ. ಒತ್ತಲು ಅಲ್ಲಿ ಬೇರೆ ಗುಂಡಿಯೂ ಇರುವುದಿಲ್ಲ ಅನ್ನಿ.

ಕಾಯಿಲೆ ಜೋರಾದಾಗ ಅದರ ದೊಡ್ಡ ಡಬ್ಬವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಚಿತ್ರದುರ್ಗಕ್ಕೆ ಒಯ್ಯುತ್ತೇನೆ. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಎದೆಗೆ ಅವಚಿಕೊಳ್ಳುತ್ತೇನೆ. ನನ್ನ ಸ್ವಂತ ಮಗಳನ್ನು ಅಷ್ಟು ಜೋಪಾನವಾಗಿ ಎತ್ತಿಕೊಂಡ ನೆನಪಿಲ್ಲ. ಒಮ್ಮೆ ಪಕ್ಕದಲ್ಲಿ ಕೂತ ಅಜ್ಜಿ "ಕೂಸಿಗೆ ಏನಾಗೈತಪ್ಪ?" ಎಂದು ಕೇಳಿ, ದುಪ್ಪಟಿ ಸರಿಸಿ ನೋಡಿ, ಬೆಚ್ಚಿ ಬೇರೆ ಸೀಟಿಗೆ ಹೋದಳು. ರಿಪೇರಿ ಅಂಗಡಿಯವನಿಗೆ ಎರಡೇ ರೋಗ ಗೊತ್ತು, ಒಂದೇ ಮದ್ದು ಗೊತ್ತು. "ವೈರಸ್ ಬಂದೈತೆ ಸಾರ್" ಅನ್ನುತ್ತಾನೆ, ಇಲ್ಲವೇ "ಭಾಳ ತುಂಬೈತೆ ಸಾರ್" ಅನ್ನುತ್ತಾನೆ. ಎರಡಕ್ಕೂ "ಫಾರ್ಮ್ಯಾಟ್ ಹೊಡೀಬೇಕು" ಅನ್ನುತ್ತಾನೆ. ಅಂದರೆ ಇದ್ದಬದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹುಟ್ಟಿಸುವುದು. ಜನ್ಮಾಂತರದಲ್ಲಿ ನಂಬಿಕೆ ಇರುವ ನಾಡಿನಲ್ಲಿ ಈ ಚಿಕಿತ್ಸೆಗೆ ಯಾರೂ ಚಕಾರ ಎತ್ತುವುದಿಲ್ಲ.

ಇಷ್ಟು ಸಾಲದೆಂಬಂತೆ ನಮ್ಮ ಅವ್ವನದೊಂದು ಕಟ್ಟಳೆ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ವಿಭೂತಿ ಬಳಿದು, ಚೆಂಡುಹೂವು ಸಿಕ್ಕಿಸಿ, ಆರತಿ ಎತ್ತಿದ ಮೇಲೆ ಅದು ಅವಳ ಲೆಕ್ಕದಲ್ಲಿ ದೀಪದ ಜಾತಿಗೆ ಸೇರಿತು. ಸಂಜೆ ನಾನು ಶಾಲೆಯಿಂದ ಬಂದು, ಕೆಲಸ ಮುಗಿಸಿ, ಅದನ್ನು ಮುಚ್ಚಲು ಹೋಗುವುದಕ್ಕೂ ದೇವರ ಮುಂದೆ ದೀಪ ಹಚ್ಚುವುದಕ್ಕೂ ಸರಿಹೋಗುತ್ತದೆ. "ಲೇ, ದೀಪ ಹಚ್ಚೋ ಹೊತ್ನಾಗೆ ಬೆಳಗೋದನ್ನ ಆರಿಸ್ತಾರೇನೋ?" ಎಂದು ಅವ್ವ ಒಳಗಿನಿಂದಲೇ ಗದರುತ್ತಾಳೆ. ಆಮೇಲೆ ಊಟ, ಆಮೇಲೆ ನಿದ್ದೆ. ಹೀಗೆ ನಮ್ಮ ಕಂಪ್ಯೂಟರು ತೂಕಡಿಸುತ್ತದೆಯೇ ಹೊರತು ನನ್ನ ಕೈಯಿಂದ ಪೂರ್ತಿ ಮಲಗಿದ್ದೇ ಇಲ್ಲ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೀಟಿಯಂಥದ್ದು ಏಳುತ್ತಿತ್ತು. ನನ್ನನ್ನು ಒಂದು ಸಲ ಆರಿಸಿ ಹಚ್ಚಿ, ಹೊಸ ಸರಕು ತುಂಬಿಕೊಳ್ಳಬೇಕು ಎಂಬ ಅರ್ಥದ ಬೇಡಿಕೆ. ನಾನು ಪ್ರತಿ ಸಲವೂ "ನಾಳೆ ನೆನಪಿಸು" ಎಂಬುದನ್ನು ಒತ್ತುತ್ತಿದ್ದೆ. ನಮ್ಮ ಕಡೆ ದೆವ್ವ ಬಾಗಿಲು ಬಡಿಯದಿರಲಿ ಎಂದು ಗೋಡೆಯ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ಅದೇ ಉಪಾಯ. ಓದಲು ಬರುವ ದೆವ್ವಕ್ಕೆ ಮಾತ್ರ ಅದು ನಾಟುತ್ತದೆ ಎಂಬುದು ತಡವಾಗಿ ತಿಳಿಯಿತು.

ನಮ್ಮ ಮಗಳು ರೂಪ ಚಿತ್ರದುರ್ಗದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳನ್ನು ನೋಡಲು ಅದಾಗಲೇ ಕೆಲವರು ಬಂದು, ಕೇಸರಿಬಾತು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋಗಿದ್ದರು. ಕೊನೆಯವರು ಹೋದ ಸಂಜೆ ಅವಳು ನನ್ನೆದುರು ಕೂತು ನಿಧಾನವಾಗಿ ಹೇಳಿದಳು.

"ಇನ್ನೊಂದೇ ಸಲ ಅಪ್ಪಾಜಿ. ಎಲ್ಲರ ಮುಂದೆ ತಟ್ಟೆ ಹಿಡ್ಕಂಡು ಬಗ್ಗಿ ನಿಲ್ಲೋದು, ಅವರು ನೋಡೋದು. ನಾನು ನಾಕು ಮಾತು ಕೇಳಾಕೆ ಆಗಲ್ಲ, ಹೇಳಾಕೆ ಆಗಲ್ಲ. ಇದು ಸರಿ ಹೋಗಲಿಲ್ಲ ಅಂದ್ರೆ ಮತ್ತೆ ನನ್ನ ಕುಂದ್ರಿಸಬ್ಯಾಡ."

ಅವಳು ಕೂಗಾಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಆಮೇಲೆ ಹೊಸದುರ್ಗದ ಕಡೆಯ ಸಂಬಂಧವೊಂದು ಬಂತು. ಕುರಿ ಸಾಕುವ, ಹೊಲ ಇರುವ ಮನೆ. ಹುಡುಗ ಮಂಜುನಾಥ ಬೀದರ್ ಕಡೆ ದನದ ಡಾಕ್ಟರು. ಅಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವ ಕಾಲವಾದ್ದರಿಂದ ಅವನಿಗೆ ರಜೆ ಇಲ್ಲ. ತಂದೆತಾಯಿ ಬರುವುದು, ಹುಡುಗ ವಿಡಿಯೋದಲ್ಲಿ ಕಾಣಿಸಿಕೊಳ್ಳುವುದು ಎಂದಾಯಿತು. "ಫೋನಿನಾಗೆ ಮುಖ ಹೆಬ್ಬೆಟ್ಟಿನಷ್ಟು ಕಾಣ್ತದೆ. ಹುಡುಗಿಗೂ ಹುಡುಗ ಸರಿಯಾಗಿ ಕಾಣಬೇಕಲ್ರಿ" ಎಂದು ಹುಡುಗನ ತಾಯಿ ಫೋನಿನಲ್ಲಿ ಅಂದರು. ನಾನು ಎದೆಯುಬ್ಬಿಸಿ, "ಅದಕ್ಕೇನು, ನಮ್ಮ ಮನ್ಯಾಗೆ ಕಂಪ್ಯೂಟರ್ ಐತೆ" ಅಂದೆ. ಫೋನಿಟ್ಟವನೇ ಹೋಗಿ ಅದರ ಧೂಳು ಒರೆಸಿದೆ.

ಭಾನುವಾರ ಬೆಳಿಗ್ಗೆ ಅವರು ಬಂದರು. ತಂದೆ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಹೆಚ್ಚು ಮಾತಿಲ್ಲ. ತಾಯಿಗೆ ಎಲ್ಲರ ಪಾಲಿನ ಮಾತೂ ಇತ್ತು. ನಡುಮನೆಯಲ್ಲಿ ಕುರ್ಚಿಗಳನ್ನು ಪರದೆಯ ಕಡೆ ತಿರುಗಿಸಿ ಇಟ್ಟಿದ್ದೆವು. ಆಶ್ಚರ್ಯವೆಂದರೆ ಕಂಪ್ಯೂಟರು ಮೊದಲ ಸಲಕ್ಕೇ ಎಚ್ಚರಗೊಂಡಿತು. ಹುಡುಗ ಪರದೆಯ ತುಂಬ ಕಾಣಿಸಿಕೊಂಡು ಕೈಮುಗಿದ. "ತಿಂಡಿ ತಿಂದ್ಯೇನಪ್ಪ?" ಎಂದು ಅವನ ತಾಯಿ ಕೇಳಿದರು. ರೂಪ ತಟ್ಟೆ ತಂದು ಇಟ್ಟು, ಅಜ್ಜಿಯ ಪಕ್ಕ ಕೂತಳು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯ ಮುಖ. ನಾನು ಹಿಂದಿನ ದಿನದಿಂದ ಅಭ್ಯಾಸ ಮಾಡಿದ್ದ ಪ್ರಶ್ನೆಯನ್ನು ಎಸೆದೆ.

"ಅಲ್ಲಿ ಬಿಸಿಲು ಹೆಂಗೈತಪ್ಪ?"

ಹುಡುಗ ಉತ್ತರಕ್ಕೆ ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಒಂದು ಕಣ್ಣು ಅರ್ಧ ಮುಚ್ಚಿತ್ತು. ನಾವೆಲ್ಲ ಆ ಬಾಯನ್ನು ನೋಡುತ್ತ ಕೂತಿದ್ದಂತೆ ಅವನೂ ಮಾಯವಾಗಿ, ಪರದೆ ನೀಲಿಯಾಗಿ, ಚುಕ್ಕಿಗಳು ಗಿರಗಿರ ಸುತ್ತತೊಡಗಿದವು. ನವೀಕರಣ ನಡೆಯುತ್ತಿದೆ, ಆರಿಸಬೇಡಿ ಎಂಬ ಅಪ್ಪಣೆ. ಕೆಳಗೆ ಶೇಕಡಾ ಲೆಕ್ಕ. ಅದು ಸೊನ್ನೆಯಲ್ಲಿತ್ತು.

"ಶುಭದ ಹೊತ್ನಾಗೆ ಹುಡುಗನ ಮುಖ ಮರೆ ಆತಲ್ಲೋ!" ಎಂದಳು ಅವ್ವ.

ಎಲ್ಲ ಬಿಟ್ಟು ಇದೇ ಮಾತು ಬೇಕಿತ್ತೇ? ಹಲ್ಲಿ ಲೊಚಗುಟ್ಟಿದ್ದಕ್ಕೆ, ಬೆಕ್ಕು ಅಡ್ಡ ಬಂದದ್ದಕ್ಕೆ ಮುರಿದುಬಿದ್ದ ಸಂಬಂಧಗಳು ನನಗೆ ಗೊತ್ತು. ಶಕುನದ ವಿಷಯದಲ್ಲಿ ನಮ್ಮವರದು ಅಗಾಧ ಪಾಂಡಿತ್ಯ. ಎಡಗಣ್ಣು ಹಾರಿದರೆ ಏನು, ಕಾಗೆ ತಲೆ ತಾಗಿದರೆ ಏನು ಎಂಬುದಕ್ಕೆಲ್ಲ ಉತ್ತರವಿದೆ. ಕಂಪ್ಯೂಟರು ನಿಂತರೆ ಏನು ಫಲ ಎಂಬುದನ್ನು ಮಾತ್ರ ಹಿಂದಿನವರು ಹೇಳಿಟ್ಟಿಲ್ಲ. ಹಾಗಾಗಿ ಅದನ್ನು ಅಲ್ಲೇ ಆಗಲೇ ತೀರ್ಮಾನಿಸುವ ಅಧಿಕಾರ ಹುಡುಗನ ತಾಯಿಯ ಕೈಯಲ್ಲಿತ್ತು. ನಾನು ರೂಪಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಇನ್ನೊಂದೇ ಸಲ ಅಂದಿದ್ದಳಲ್ಲ, ಆ ಒಂದು ಸಲ ನನ್ನ ಕಣ್ಣೆದುರೇ ನೀಲಿ ಬಣ್ಣದಲ್ಲಿ ಕರಗುತ್ತಿತ್ತು.

"ವೈರು ಕೀಳ್ರಿ, ತೆಗೆದು ಮತ್ತೆ ಹಾಕ್ರಿ" ಎಂದಳು ಗಿರಿಜ ಪಿಸುದನಿಯಲ್ಲಿ.

"ಆರಿಸಬೇಡಿ ಅಂತ ಬರದೈತೆ ಕಣೇ."

"ಬ್ಯಾಡ ಬಿಡ್ರಿ ಮೇಷ್ಟ್ರೆ" ಎಂದು ಹುಡುಗನ ತಂದೆ ಮೊದಲ ಬಾರಿಗೆ ಬಾಯಿ ತೆರೆದರು. "ಟಗರು ಹಟ ಹಿಡಿದು ನಿಂತಾಗ ಎಳೀಬಾರದು. ಎಳೆದ್ರೆ ಇನ್ನೂ ನಿಲ್ತದೆ. ಕುಂತ್ಕಳ್ರಿ, ತಾನೇ ಬರ್ತದೆ."

ಅಷ್ಟರಲ್ಲಿ ಹುಡುಗನ ತಾಯಿಯ ಫೋನು ಬಡಿದುಕೊಂಡಿತು. ಮಂಜುನಾಥನೇ. ಆಕೆ ಕಿವಿಗಿಟ್ಟುಕೊಂಡು "ಹಲೋ, ಹಲೋ" ಎಂದರು. ಪರದೆಯ ಕಡೆ ಒಮ್ಮೆ ನೋಡಿದರು, ರೂಪಳ ಕಡೆ ಒಮ್ಮೆ. ಆಮೇಲೆ ಫೋನನ್ನು ಅವಳ ಕೈಗೆ ತುರುಕಿದರು.

"ತಗಳವ್ವ, ನೀನೇ ಹೇಳು ಅವನಿಗೆ, ಏನಾತು ಅಂತ. ನಂಗೆ ಈ ಅಪ್‌ಡೇಟು ಗಿಪ್‌ಡೇಟು ತಿಳಿಯಲ್ಲ. ಒಳಗೆ ಸಿಗ್ನಲ್ ಇಲ್ಲ, ಹಿತ್ತಲಿಗೆ ಹೋಗು."

ರೂಪ ನನ್ನನ್ನು ನೋಡಿದಳು. ನಾನು ಗಿರಿಜಳನ್ನು ನೋಡಿದೆ. ಗಿರಿಜ ಶೇಕಡಾ ಲೆಕ್ಕ ನೋಡುತ್ತಿದ್ದಳು. ರೂಪ ಎದ್ದು ಹಿತ್ತಲಿಗೆ ಹೋದಳು.

ಉಳಿದವರು ಪರದೆಯ ಮುಂದೆ ಕೂತೆವು. ದೇವರ ಮುಂದೆ ಪ್ರಶ್ನೆ ಇಟ್ಟು, ಬಲಗಡೆಯ ಹೂವು ಬೀಳುತ್ತದೋ ಎಡಗಡೆಯದೋ ಎಂದು ಕಾಯುವವರ ಹಾಗೆ ಕಾದೆವು. ಲೆಕ್ಕ ಸ್ವಲ್ಪ ಏರಿತು, ಅಲ್ಲೇ ಕೂತಿತು. ಕೊನೆಗೆ ಮಾತು ತೆಗೆದವರು ಹುಡುಗನ ತಾಯಿ.

"ನಮ್ಮ ಮನೇದಕ್ಕಿಂತ ಇದು ಎಷ್ಟೋ ವಾಸಿ ಕಣ್ರಿ. ನಮ್ಮದು ಬೆಳಿಗ್ಗೆ ಹಾಕಿದ್ರೆ ಕುರಿ ಮನೆಗೆ ಬರೋ ಹೊತ್ತಿಗೆ ಬರ್ತದೆ."

"ಅಯ್ಯೋ, ನಮ್ಮದು ಮೊನ್ನೆ ಬಂದಿದ್ದೇ ಇಲ್ಲ" ಎಂದಳು ಗಿರಿಜ, ಬಿಟ್ಟುಕೊಡದೆ.

"ನಮ್ಮದು ಕುಯ್ಯೋ ಅಂತ ಅಳ್ತದೆ."

"ನಮ್ಮದಕ್ಕೆ ಪಕ್ಕದಾಗೆ ಎರಡು ಬಿಗಿದ್ರೇನೇ ಬುದ್ಧಿ ಬರೋದು."

ಮಂಡಿನೋವು, ಬಿಸಿಲು, ಬಸ್ಸು ಇವುಗಳ ಸಾಲಿಗೆ ಕಂಪ್ಯೂಟರನ್ನು ನಾವು ಎಂದೋ ಸೇರಿಸಿದ್ದೇವೆ ಎಂಬುದು ನನಗೆ ಆಗ ಹೊಳೆಯಿತು. ಸರಿಯಾಗಿ ನಡೆಯುವ ವಸ್ತುವಿನ ಬಗ್ಗೆ ಇಬ್ಬರು ಎಷ್ಟು ಹೊತ್ತು ಮಾತಾಡಬಲ್ಲರು? ಫ್ರಿಜ್ಜು ತಣ್ಣಗಿದೆ ಎಂದು ಹೇಳಿ ಯಾರೂ ಯಾರಿಗೂ ಹತ್ತಿರವಾದದ್ದಿಲ್ಲ. ಕೆಟ್ಟದ್ದರ ಸುಖ-ದುಃಖ ಹೇಳಿಕೊಳ್ಳುತ್ತ ಹೆಂಗಸರಿಬ್ಬರೂ ಕುರ್ಚಿಗಳನ್ನು ಪರದೆಯಿಂದ ಒಬ್ಬರ ಕಡೆಗೊಬ್ಬರು ತಿರುಗಿಸಿಕೊಂಡಿದ್ದರು. ಅವ್ವ ಕೂಡ ಶಕುನ ಮರೆತು, ಕುರಿಗಳಿಗೆ ಈ ವರ್ಷ ಮೇವು ಹೇಗೆ ಎಂದು ಹುಡುಗನ ತಂದೆಯನ್ನು ವಿಚಾರಿಸುತ್ತಿದ್ದಳು. ಕೇಸರಿಬಾತು ಎರಡನೆಯ ಸುತ್ತಿಗೆ ಬಂತು.

ಕಂಪ್ಯೂಟರು ತಾನಾಗಿಯೇ ಎದ್ದಿತು. ನಾನು ಮತ್ತೆ ವಿಡಿಯೋ ಹಚ್ಚಿದೆ. ಹುಡುಗ ತನ್ನ ಕಡೆಯದನ್ನು ಮುಚ್ಚಿರಲಿಲ್ಲ. ಪರದೆಯ ಮೇಲೆ ಅವನ ಕೋಣೆ ಕಂಡಿತು. ಅವನು ಮಾತ್ರ ನಮ್ಮ ಕಡೆ ನೋಡುತ್ತಿರಲಿಲ್ಲ. ಕಿವಿಗೆ ಫೋನು ಒತ್ತಿಕೊಂಡು ಆಚೆ ಈಚೆ ಅಡ್ಡಾಡುತ್ತ, ಕೈಯಾಡಿಸುತ್ತ, ಜೋರಾಗಿ ನಗುತ್ತಿದ್ದ. ಮೊದಲು ಕೈಮುಗಿದು ನಿಂತಿದ್ದವನು ಯಾರೋ, ಇವನು ಯಾರೋ.

"ಇಲ್ಲ ಇಲ್ಲ, ಕೆಲಸ ಯಾಕೆ ಬಿಡ್ತೀರಿ? ನಾನೇ ಚಿತ್ರದುರ್ಗದ ಕಡೆ ವರ್ಗ ಕೇಳ್ತೀನಿ..." ಎಂಬುದು ನಮಗೆಲ್ಲ ಕೇಳಿಸಿತು.

ಹುಡುಗನ ತಾಯಿ ಥಟ್ಟನೆ ಎದ್ದರು. "ಏಳ್ರಿ ಎಲ್ರೂ. ನಿಮ್ಮ ದೇವರ ಮನೆ ತೋರಿಸ್ರಿ." ಗಂಡನ ತೋಳು ಹಿಡಿದು ಎಬ್ಬಿಸಿದರು. ಗಿರಿಜಳೂ ಅವ್ವನೂ ಅವರ ಹಿಂದೆ ಹೋದರು. ಮೂರಡಿ ಅಗಲದ ನಮ್ಮ ದೇವರ ಮನೆಯಲ್ಲಿ ಅಷ್ಟು ಜನ ಹೇಗೆ ನಿಂತರೋ ಆ ದೇವರಿಗೇ ಗೊತ್ತು.

ಕಂಪ್ಯೂಟರನ್ನು ನೋಡಿಕೊಳ್ಳಲು ಒಬ್ಬರಾದರೂ ಇರಬೇಕಲ್ಲ ಎಂಬ ನೆವ ಹೇಳಿ ನಾನು ಮಾತ್ರ ಉಳಿದೆ. ಹೆಣ್ಣು ಹೆತ್ತವನ ಕಿವಿ ನೋಡಿ. ಮೆಲ್ಲಗೆ ಸ್ಪೀಕರಿನ ಹತ್ತಿರ ಬಗ್ಗಿದೆ. ಹುಡುಗ ಅಡ್ಡಾಡುವುದನ್ನು ನಿಲ್ಲಿಸಿ, ದನಿ ತಗ್ಗಿಸಿ, "ಈಗ ನಾನೊಂದು ಮಾತು ಕೇಳ್ತೀನಿ, ನಿಜ ಹೇಳಬೇಕು" ಅಂದ. ಮತ್ತೆ ಬಾಯಿ ತೆರೆದ.

ಕಂಪ್ಯೂಟರು ನಿಂತಿತು.

ಮೌಸನ್ನು ಅಲ್ಲಾಡಿಸಿದೆ. ಗುಂಡಿ ಒತ್ತಿದೆ. ಪಕ್ಕದಲ್ಲಿ ಎರಡು ಬಿಗಿದೂ ಆಯಿತು. "ಒಂದೇ ನಿಮಿಷ ಕಣಪ್ಪ" ಎಂದು ಬೇಡಿಕೊಂಡೆ. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹಿತ್ತಲ ಬಾಗಿಲಿಂದ ರೂಪ ಬಂದಳು. ನಾನಿನ್ನೂ ಸ್ಪೀಕರಿಗೆ ಕಿವಿಗೊಟ್ಟು ಬಗ್ಗಿಯೇ ಇದ್ದೆ.

"ಏನ್ ಮಾಡ್ತಿದೀಯ ಅಪ್ಪಾಜಿ?"

"ಕಂಪ್ಯೂಟರ್ ನೋಡ್ತಿದ್ದೆ."

"ಅದು ನಿಂತೈತಲ್ಲ."

"ಅದ್ಕೇ ನೋಡ್ತಿದೀನಿ."

ಅವಳು ಪರದೆಯ ಮೇಲಿನ ಅರ್ಧ ತೆರೆದ ಬಾಯನ್ನು ನೋಡಿದಳು, ನನ್ನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಗೊಳ್ಳನೆ ನಕ್ಕಳು. ನಗು ಮುಗಿದ ಮೇಲೆ, ಫೋನಿನ ಅಂಚನ್ನು ಉಜ್ಜುತ್ತ, "ಅವರಮ್ಮಂಗೆ ಹೂಂ ಅನ್ನು" ಎಂದು ಹೇಳಿ ಕೋಣೆಗೆ ಹೋದಳು. ಅವನು ಏನು ಕೇಳಿದ, ಇವಳು ಏನು ನಿಜ ಹೇಳಿದಳು ಎಂದು ನಾನು ಸುತ್ತಿ ಬಳಸಿ ಎಷ್ಟೋ ಸಲ ವಿಚಾರಿಸಿದ್ದೇನೆ. ಇಬ್ಬರೂ ಬಾಯಿ ಬಿಟ್ಟಿಲ್ಲ.

ಮೊನ್ನೆ ಹಬ್ಬಕ್ಕೆ ಬಂದ ಅಳಿಯ, "ಮಾವ, ಈ ಹಳೇದು ತೆಗೆದುಬಿಡ್ರಿ, ಹೊಸಾದು ನಾನು ತರ್ತೀನಿ" ಅಂದ. ಅವನ ತೋಳು ಹಿಡಿದು ಹೊರಗಿನ ಕಟ್ಟೆಗೆ ಕರೆದೊಯ್ದು, ಮೆಲ್ಲಗೆ ಬೇಡ ಅಂದೆ. ಹೊಸದು ಚೆನ್ನಾಗಿಯೇ ನಡೆದೀತು. ಆದರೆ ಕೇಳಬಾರದ್ದಕ್ಕೆ ನಾನು ಕಿವಿಗೊಟ್ಟ ಗಳಿಗೆಗೆ ಸರಿಯಾಗಿ ಕೆಟ್ಟು ನಿಲ್ಲುವ ಯಂತ್ರವನ್ನು ಯಾವ ಅಂಗಡಿಯವನು ಕೊಟ್ಟಾನು?