ಯಮೀನ್ ಅಂದರೆ ಬಲಕ್ಕೆ

“ಯಮೀನ್! ಯಮೀನ್!” ಎಂದು ಮುಂದಿದ್ದ ಹುಡುಗಿ ಕೂಗಿದಳು. ಹತ್ತು ಸೈಕಲ್ಲುಗಳು ಒಂದರ ಹಿಂದೊಂದು ಬಲಕ್ಕೆ ಹೊರಳಿದವು. ನಾನೊಬ್ಬಳು ಎಡಕ್ಕೆ ತಿರುಗಿದೆ.

ಜಿದ್ದಾಕ್ಕೆ ಬಂದು ಐದು ತಿಂಗಳಾಗಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ‘ಯಮೀನ್’ ಎಂದರೆ ಬಲ, ‘ಯಸಾರ್’ ಎಂದರೆ ಎಡ ಎಂಬುದನ್ನು ಮೊದಲ ವಾರವೇ ಕಲಿತಿದ್ದೆ. ಆದರೆ ಎದುರು ಕುಳಿತವರ ಬಲಗೈ ನನಗೆ ಎಡಕ್ಕಿರುತ್ತದೆ. ಐದು ತಿಂಗಳಿಂದ ‘ಯಮೀನ್’ ಎಂದಾಗಲೆಲ್ಲ ಎಡಕ್ಕೆ ಬಾಗಿ ಬಾಗಿ ಮೈ ಅದನ್ನೇ ಕಲಿತುಬಿಟ್ಟಿತ್ತು.

ಹೆಂಗಸರ ಈ ಸೈಕಲ್ ಸವಾರಿಗೆ ಸೇರಬೇಕೆಂದಿದ್ದವಳು ನಾನಲ್ಲ. ಕ್ವಾರ್ಟರ್ಸಿನಲ್ಲಿ ನನ್ನ ಜೊತೆಗಿರುವ ಕೇರಳದ ನರ್ಸ್ ಶೈನಿ ಹೆಸರು ಬರೆಸಿದ್ದಳು. ಶುಕ್ರವಾರ ಬೆಳಿಗ್ಗೆ ಹಠಾತ್ತಾಗಿ ಅವಳಿಗೆ ಡ್ಯೂಟಿ ಬಿತ್ತು. ರಜೆಯ ದಿನವೆಲ್ಲ ಗೋಡೆ ನೋಡುತ್ತ ಕುಳಿತುಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಅವಳ ಬದಲಿಗೆ ನಾನು ಹೊರಟೆ. ಸೈಕಲ್ ಮುಟ್ಟದೆ ಹದಿನೈದು ವರ್ಷವಾಗಿತ್ತು.

ಎಲ್ಲರ ಮುಂದೆ ದಾರಿ ತೋರಿಸುವವಳ ಹೆಸರು ರೀಮ್. ತಲೆವಸ್ತ್ರದ ಮೇಲೆ ಹೆಲ್ಮೆಟ್, ಕಾಲಿಗೆ ತೊಡರದಂತೆ ಹೊಲಿಸಿಕೊಂಡ ಅಬಾಯಾ. ಬಲದ್ ಎಂದರೆ ಅರಬಿಯಲ್ಲಿ ಊರು. ಜಿದ್ದಾದವರು ತಮ್ಮ ಹಳೇ ಪೇಟೆಯನ್ನು ಬರೀ ‘ಬಲದ್’ ಎನ್ನುತ್ತಾರೆ. ನಮ್ಮ ಸವಾರಿ ಅದರ ಓಣಿಗಳಲ್ಲಿ. ನಮ್ಮೂರು ಕಾರ್ಕಳದಲ್ಲಿ ನೆಲ ಅಗೆದರೆ ಕೆಂಪು ಮುರಕಲ್ಲು ಸಿಗುತ್ತದೆ, ಮನೆ ಕಟ್ಟುತ್ತೇವೆ. ಇಲ್ಲಿನವರು ಸಮುದ್ರದ ಹವಳದ ಕಲ್ಲು ಕಡಿದು ನಾಲ್ಕು ಅಂತಸ್ತು ಏರಿಸಿದ್ದಾರೆ. ಗೋಡೆಗಳಿಂದ ರೋಶಾನ್ ಎಂಬ ಮರದ ಜಾಲರಿ ಕಿಟಕಿಗಳು ಓಣಿಯ ಕಡೆಗೆ ಚಾಚಿಕೊಂಡಿವೆ. ಹಿಂದಿನ ಕಾಲದಲ್ಲಿ ಒಳಗಿನ ಹೆಂಗಸರಿಗೆ ಬೀದಿ ಕಾಣುತ್ತಿತ್ತು, ಬೀದಿಗೆ ಅವರು ಕಾಣುತ್ತಿರಲಿಲ್ಲ.

“ಈ ತೇಗ ನಿಮ್ಮ ಹಿಂದೂಸ್ತಾನದಿಂದ ಹಡಗಿನಲ್ಲಿ ಬಂದದ್ದು,” ಎಂದು ರೀಮ್ ಇಂಗ್ಲಿಷಿನಲ್ಲಿ ನನಗೆಂದೇ ಹೇಳಿದಳು. ಆಮೇಲೆ ನಕ್ಕು, “ನಾನು ಸೈಕಲ್ ಕಲಿತದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ನೀವು?” ಎಂದಳು.

“ಒಂಬತ್ತನೇ ವಯಸ್ಸಿನಲ್ಲಿ.”

“ಅದೃಷ್ಟವಂತೆ!”

ನನಗೆ ನಾಚಿಕೆಯೋ ಹೆಮ್ಮೆಯೋ ತಿಳಿಯಲಿಲ್ಲ. ಅವಳು ಒಂದು ಕೈ ಬಿಟ್ಟು ಓಡಿಸುತ್ತಿದ್ದಳು. ನಾನು ಎರಡು ಕೈಯಲ್ಲಿ ಹಿಡಿದೂ ಓಲಾಡುತ್ತಿದ್ದೆ.

ಆ ‘ಯಮೀನ್’ ಕೂಗಿಗೆ ಎಡಕ್ಕೆ ತಿರುಗಿ ಗುಂಪಿನಿಂದ ಬೇರೆಯಾದವಳು, ಮುಂದಿನ ತಿರುವಿನಲ್ಲಿ ಬಲಕ್ಕೆ ಹೋದರೆ ಅವರು ಸಿಗಬಹುದೆಂದು ತಿರುಗಿದೆ. ಓಣಿ ಇನ್ನೊಂದು ಓಣಿಗೆ ತೆರೆಯಿತು, ಅದು ಮುಚ್ಚಿದ ಬಾಗಿಲಿಗೆ. ಶುಕ್ರವಾರ ಬೆಳಿಗ್ಗೆ ಅಂಗಡಿ ಯಾವುದೂ ತೆರೆದಿರಲಿಲ್ಲ. ರೀಮಳ ನಂಬರ್ ಇದ್ದದ್ದು ಶೈನಿಯ ಫೋನಿನಲ್ಲಿ. ಶೈನಿ ಫೋನ್ ಎತ್ತಲಿಲ್ಲ. ಮ್ಯಾಪಿನ ನೀಲಿ ಚುಕ್ಕೆ ಗೋಡೆಯೊಳಗೆ ನಿಂತಿತ್ತು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ ಕಾರ್ಡು, ಕೋಣೆಯಲ್ಲೇ ಉಳಿದದ್ದು ಆಗ ನೆನಪಾಯಿತು. ಪೊಲೀಸರು ಕೇಳಿದರೆ ತೋರಿಸಲು ಏನೂ ಇರಲಿಲ್ಲ.

“ಅಯ್ಯೋ ದೇವೆರೇ, ಯಾನ್ ಓಡೆ ಬತ್ತೆ?” ಎಲ್ಲಿಗೆ ಬಂದೆ ನಾನು ಎಂದು ತುಳುವಿನಲ್ಲಿ ಗಟ್ಟಿಯಾಗಿಯೇ ಹೇಳಿಬಿಟ್ಟೆ.

“ಎಂತ, ಮಂಗಳೂರು ಕಡೆಯವರಾ?”

ಮೆಟ್ಟಿಲ ಬಳಿ ಬೆಕ್ಕುಗಳಿಗೆ ನೀರಿಡುತ್ತಿದ್ದ ಮುದುಕರೊಬ್ಬರು ತಲೆಯೆತ್ತಿದ್ದರು. ಬಿಳಿ ಗಡ್ಡ, ತೋಬು ಎಂಬ ಉದ್ದನೆಯ ಬಿಳಿ ನಿಲುವಂಗಿ. ಅರಬರೆಂದೇ ತಿಳಿದು ನಾನು ಮುಖ ತಿರುಗಿಸಿದ್ದೆ.

“ಕಾರ್ಕಳ,” ಎಂದೆ.

“ನಾನು ಭಟ್ಕಳ. ಇಸ್ಮಾಯಿಲ್. ಇಲ್ಲೇ ಬಟ್ಟೆ ಅಂಗಡಿ. ಹೆದರ್ಬೇಡಿ ತಂಗಿ, ಸೈಕಲ್‌ನವರು ಕಡೆಗೆ ದೊಡ್ಡ ಬೇವಿನ ಮರದ ಹತ್ರ ನಿಲ್ಲೋದು. ಬನ್ನಿ.”

ಅವರು ಮುಂದೆ, ನಾನು ಸೈಕಲ್ ತಳ್ಳಿಕೊಂಡು ಹಿಂದೆ. ನಲವತ್ತು ವರ್ಷವಾಯಿತಂತೆ ಅವರು ಬಂದು. ನನಗೆ ಐದು ತಿಂಗಳು ಎಂದೆ.

“ಸಾಯ್ಬ್ರೇ, ಈಗ ನಿಮಗೆ ಊರು ಯಾವುದು ಅನ್ನಿಸ್ತದೆ?” ಎಂದು ಕೇಳಿದೆ.

“ಭಟ್ಕಳಕ್ಕೆ ಹೋದ್ರೆ ಎಲ್ಲರೂ ಕೇಳೋದು, ‘ವಾಪಸ್ ಯಾವಾಗ?’ ಅಂತ. ಇಕಾಮಾ ಮುಗೀತಾ ಬಂದ್ರೆ ಇಲ್ಲಿನವರೂ ಅದನ್ನೇ ಕೇಳೋದು. ನಂಗೆ ಇನ್ನೂ ಗೊತ್ತಾಗ್ಲಿಲ್ಲ ಮಾರಾಯ್ತಿ. ನೀವು ಐದೇ ತಿಂಗಳಿಗೆ ಕೇಳ್ತೀರಲ್ಲ!”

ಬೇವಿನ ಮರದಡಿ ರೀಮ್ ಹುಡುಕಾಡುತ್ತಿದ್ದಳು. ನನ್ನನ್ನು ಕಂಡವಳೇ ಓಡಿ ಬಂದು ತಬ್ಬಿಕೊಂಡು ಅರಬಿಯಲ್ಲಿ ಬೈದಳು. ಬೈಗುಳ ಅರ್ಥವಾಗಲಿಲ್ಲ, ಆದರೆ ಐದು ತಿಂಗಳಲ್ಲಿ ಮೊದಲ ಸಲ ಯಾರೋ ನನಗಾಗಿ ಗಾಬರಿಯಾಗಿದ್ದರು. “ಯಲ್ಲಾ!” ಎಂದಳು, ನಡೆಯಿರಿ ಎಂದು. ಇಸ್ಮಾಯಿಲ್ ಸಾಹೇಬರು ಕೈಬೀಸಿ ಓಣಿಯೊಳಗೆ ಹೋದರು. ಉಳಿದ ದಾರಿಯನ್ನು ನಾನು ರೀಮಳ ಪಕ್ಕದಲ್ಲೇ ತುಳಿದೆ. ಸೈಕಲ್ ಓಲಾಡಲಿಲ್ಲ. ಸಮುದ್ರದ ಗಾಳಿ ಮುಖಕ್ಕೆ ಬಡಿದಾಗ ಕೂಗಬೇಕೆನಿಸಿತು, ಕೂಗಿಯೇ ಬಿಟ್ಟೆ.

ಸಂಜೆ ಅಮ್ಮನಿಗೆ ಸೈಕಲ್ ಮೇಲಿದ್ದ ನನ್ನ ಫೋಟೋ ಕಳಿಸಿ ಫೋನ್ ಮಾಡಿದೆ. ನಾನು ಎಂಟನೇ ಕ್ಲಾಸಿಗೆ ಬಂದಾಗ, ದೊಡ್ಡವಳಾದೆ, ಜನ ನೋಡುತ್ತಾರೆ ಎಂದು ಸೈಕಲನ್ನು ತಮ್ಮನಿಗೆ ಕೊಡಿಸಿದವರು ಅವರೇ. ಬೈಯುತ್ತಾರೆ ಎಂದುಕೊಂಡಿದ್ದೆ.

“ಚೆಂದ ಕಾಣ್ತಿ,” ಎಂದರು. “ಅಲ್ಲಿ ಆದ್ರೆ ಅಡ್ಡಿಲ್ಲ. ಅಲ್ಲಿ ಯಾರಿಗೆ ನಿನ್ನ ಗುರ್ತ?”

ಸಂತೋಷ ಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. “ಅಮ್ಮ, ರಜೆಗೆ ಬಂದಾಗ ನಮ್ಮ ರಸ್ತೆಯಲ್ಲೂ ಓಡಿಸ್ತೇನೆ. ಒಂದು ಸೈಕಲ್ ತೆಗೆದಿಡಿ,” ಎಂದೆ.

ಅಮ್ಮ ನಕ್ಕರು. ಆ ನಗುವಿನಲ್ಲಿ ಕೋಪವೇನೂ ಇರಲಿಲ್ಲ.

“ನಾಲ್ಕು ದಿನಕ್ಕೆ ಬಂದು ಹೋಗುವವಳಿಗೆ ಸೈಕಲ್ ಎಂತಕ್ಕೆ ಮಗಾ?”