ಡಿಸ್ಕ್ ಬ್ರೇಕಿಗೆ ಖಂಡೇಪೂಜೆ

ಗೆಳೆಯರೇ, ಇವತ್ತು ಮಾರ್ಕೆಟ್ ಯಾರ್ಡಿನ ನಮ್ಮ ಅಂಗಡಿಯೊಳಗ ಯುದ್ಧವೇ ನಡೀತು!

ಗುಡ್ಡ ಇಳಿಯೋ ಸೈಕಲ್ಲಿಗೆ ವೈರ್ ಎಳೆಯೋ ಡಿಸ್ಕ್ ಬ್ರೇಕೇ ಸಾಕು ಎಂದು ನಾನು ಮೊದಲೇ ಗುಡುಗಿದ್ದೆ. ಮಗಳು ನೇತ್ರಾ ಜಗ್ಗಲಿಲ್ಲ. "ಅಪ್ಪಾ, ಅದನ್ನ ಹಿಡದು ಹಿಡದು ಅರ್ಧ ಗುಡ್ಡಕ್ಕ ಕೈ ಜೋಮು ಹಿಡೀತದ. ಎಣ್ಣಿ ಒತ್ತಡದ ಹೈಡ್ರಾಲಿಕ್ಕಿಗೆ ಒಂದು ಬೆರಳು ಸಾಕು" ಎಂದು ಅದನ್ನೇ ಹಾಕಿಸಿದಳು. ನಾಳೆ ಆಕೆಯ ಮೊದಲ ರೇಸು.

ಇವತ್ತು ಖಂಡೇಪೂಜೆ, ನಮ್ಮ ಕಡೆಯ ಆಯುಧಪೂಜೆ. ಪೂಜೆಗಿಟ್ಟ ಅಂಗಡಿ ತಕ್ಕಡಿಯ ಪಕ್ಕದಲ್ಲೇ ನೇತ್ರಾಳ ಸೈಕಲ್ಲು. ನಮ್ಮವ್ವ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಿಡಿದು, ಹೊಳೆಯುವ ಡಿಸ್ಕಿನತ್ತ ಕೈ ಚಾಚಿದಳು.

"ಆಯೀ, ನಿಂದ್ರು! ಡಿಸ್ಕಿಗೆ ಎಣ್ಣಿ ತಾಗಿದ್ರ ಬ್ರೇಕ್ ಹಿಡಿಯಂಗಿಲ್ಲ!" ಎಂದು ನೇತ್ರಾ ಅಜ್ಜಿಗೆ ಅಡ್ಡ ನಿಂತಳು.

"ಎಣ್ಣಿ ಮ್ಯಾಲೆ ನಡಿಯೋ ಬ್ರೇಕು ಅಂತ ನೀನ ಹೇಳಿದಿಯಲ್ಲ?"

"ಅದು ಪೈಪಿನೊಳಗ, ಆಯಿ. ಹೊರಗ ಹನಿ ಬಿದ್ರ ನಾಳೆ ನಾ ಸೀದಾ ಕಣಿವ್ಯಾಗ!"

ಆರತಿ ತಟ್ಟೆ ಹಿಡಿದಿದ್ದ ನಾನು, ದೀಪ ಆರದಂತೆ ಕೈ ಅಡ್ಡ ಹಿಡಿದೆ.

ಅವ್ವ ಯೋಚಿಸಿ ಕೇಳಿದಳು: "ಬ್ರೇಕ್ ಹಿಡಿಯೋ ಬೆರಳು ಯಾವುದು? ತಾ ಇಲ್ಲಿ." ಆ ತೋರುಬೆರಳಿಗೇ ಕುಂಕುಮ ಹಚ್ಚಿ, ಆರತಿ ಬೆಳಗಿದಳು!

ಇಷ್ಟು ವರ್ಷ ಮೊದಲ ಆರತಿ ನನ್ನ ತಕ್ಕಡಿಗಿತ್ತು. ಈ ಸಲ ಮಗಳ ಬೆರಳಿಗೆ. ಎದೆ ಉಬ್ಬಿತು, ನಿಜ. ಆದರೆ ಆ ಎಣ್ಣೆಬೆರಳು ತೊಳೆಯುವತನಕ ಸೈಕಲ್ಲಿನ ಮುಂದೆ ಕಾವಲು ನಿಂತವನೂ ನಾನೇ!